ಊಳುಬಾಯಿ ಎಂಬ ಪದಕ್ಕೆ ಅಡಿಟಿಪ್ಪಣಿ

ಆ ವರ್ಷ ಸೆಮೆಯ್ ಪಟ್ಟಣದಲ್ಲಿ ರೊಟ್ಟಿಗೆ ಸರತಿ ನಿಲ್ಲುತ್ತಿದ್ದವರೇ ನೆನಪಿನ ಪುಸ್ತಕಗಳಿಗೂ ಸರತಿ ನಿಲ್ಲುತ್ತಿದ್ದರು. ಸೋವಿಯತ್ ಒಕ್ಕೂಟ ಹಿಂದಿನ ಚಳಿಗಾಲದಲ್ಲಿ ಮುಗಿದುಹೋಗಿತ್ತು. ಸರ್ಕಾರ ದನ ಕಿತ್ತುಕೊಂಡದ್ದರಿಂದ ಬಂದ ಮೂವತ್ತೆರಡರ ಬರಗಾಲದ ಬಗ್ಗೆ ಅರವತ್ತು ವರ್ಷ ತುಟಿ ಬಿಚ್ಚದಿದ್ದವರು ಈಗ ಮಾತಾಡುತ್ತಿದ್ದರು. ಆ ಮಾತನ್ನು ಅಚ್ಚು ಹಾಕಲು ನಮ್ಮಂಥ ಸಣ್ಣ ಪ್ರಕಾಶನಗಳು ಹುಟ್ಟಿಕೊಂಡಿದ್ದವು. ನಮ್ಮದು ಎರಡು ಕೋಣೆಯ ಕಚೇರಿ. ಮುಖ್ಯಸ್ಥರು ಝುನಿಸ್ ಆಗಾ, ಸಂಪಾದಕಿ ನಾನು, ದಾಮೆಲಿ. ಅದಕ್ಕೆ ಮೊದಲು ಜಿಲ್ಲಾ ಪತ್ರಿಕೆಯೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೆ.

ಬರುತ್ತಿದ್ದ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಓದುವಂತಿರಲಿಲ್ಲ. ಬರೆದವರೆಲ್ಲ ಬಡವರಿಗೆ ಗುಟ್ಟಾಗಿ ಗೋಧಿ ಹಂಚಿದವರು, ಅಧಿಕಾರಿಗೆ ಎದುರು ನಿಂತವರು.

"ಎಲ್ಲರ ತಾತನೂ ಧೀರನೇ ಆದ್ರೆ ದನ ಎಲ್ಲಾ ಹೊಡ್ಕೊಂಡು ಹೋದೋರು ಯಾರಮ್ಮ? ಗಾಳಿನಾ?" ಎಂದು ಝುನಿಸ್ ಆಗಾ ಕಟ್ಟುಗಳನ್ನು ವಾಪಸು ಎಸೆಯುತ್ತಿದ್ದರು.

ಹೇಳುವವರು ಎಲ್ಲಿ ತಡೆದು ನಿಲ್ಲುತ್ತಾರೋ ಆ ಪುಸ್ತಕ ಓದಬೇಕಾದದ್ದು ಎಂಬುದು ನನ್ನ ಲೆಕ್ಕ. ಉಮ್ಸಿನ್ ಅಪಾಳ ಮಾತಿನಲ್ಲಿ ಅಂಥ ಜಾಗಗಳಿದ್ದವು. ಹಿರಿಯ ಗಂಡಸರನ್ನು ಆಗಾ ಎಂದಂತೆ ಹಿರಿಯ ಹೆಂಗಸನ್ನೂ ತಾಯಿಯನ್ನೂ ನಮ್ಮಲ್ಲಿ ಅಪಾ ಎನ್ನುತ್ತಾರೆ. ಇವಳು ಕಾರಾಸು ಎಂಬ ಹಳ್ಳಿಯವಳು. ಬರಗಾಲದ ಹೊತ್ತಿಗೆ ಹದಿನೆಂಟರ ಸೊಸೆ, ಈಗ ಎಪ್ಪತ್ತೆಂಟು. ಓದು ಬಾರದು, ಕಣ್ಣಿಗೆ ಪೊರೆ ಬೇರೆ. ಅವಳು ಹೇಳಿದ್ದನ್ನು ನಾನು ಧ್ವನಿಮುದ್ರಿಸಿಕೊಂಡು ಬಂದು ಬರೆದೆ. ಗಂಡನ ಮನೆಯ ಗಂಡಸರ ಹೆಸರನ್ನು ಸೊಸೆಯರು ಬಾಯಲ್ಲಿ ಆಡುವುದಿಲ್ಲವಾದ್ದರಿಂದ ಅವಳ ಮಾತಿನ ತುಂಬ ಅಡ್ಡಹೆಸರುಗಳೇ ಇದ್ದವು. ಹೆಸರನ್ನು ಹೋಲುವ ಪದವನ್ನೂ ಅವಳು ಆಡುತ್ತಿರಲಿಲ್ಲ. ಅವಳ ಭಾವನ ಹೆಸರು ಬೋರಿಬಾಯ್. ಬೋರಿ ಎಂದರೆ ತೋಳ. ಹಾಗಾಗಿ ಮದುವೆಯಾದಂದಿನಿಂದ ತೋಳಕ್ಕೆ ಅವಳು ಊಳುಬಾಯಿ ಎಂದೇ ಅನ್ನುತ್ತಿದ್ದಳು.

ನಮ್ಮ ಕಚೇರಿಯಲ್ಲಿ ಪತ್ರಿಕೆಯಿಂದ ತಂದ ಎರಡು ನಿಯಮಗಳಿದ್ದವು. ಮನೆಮಾತಿನ ಪದವನ್ನು ಎಲ್ಲರಿಗೂ ತಿಳಿಯುವ ಪದಕ್ಕೆ ತಿದ್ದಬೇಕು, ಇಲ್ಲವೇ ಅಡಿಟಿಪ್ಪಣಿ ಕೊಡಬೇಕು. ಟಿಪ್ಪಣಿಗೆ ಮಾಹಿತಿ ಕೊಟ್ಟವರು ಯಾರು, ಅವರು ಕಥೆ ಹೇಳಿದವರಿಗೆ ಸಂಬಂಧದಲ್ಲಿ ಏನಾಗಬೇಕು ಎಂಬುದನ್ನು ಬರೆಯಬೇಕು. ಮೊದಲ ನಿಯಮದಂತೆ ಊಳುಬಾಯಿಯನ್ನು ತೋಳ ಎಂದು ತಿದ್ದಲಾಯಿತು. ಪುಸ್ತಕಕ್ಕೆ ಮುಂಚೆ ಆಯ್ದ ಒಂದು ಭಾಗ ಪತ್ರಿಕೆಯಲ್ಲಿ ಅಪಾಳ ಫೋಟೋದೊಂದಿಗೆ ಬಂತು. ಅವಳ ಐದು ತಿಂಗಳ ಮಗಳನ್ನು ಬೆಳಗಿನ ಜಾವ ತೋಳ ಎತ್ತಿಕೊಂಡು ಹೋದ ಭಾಗ ಅದು.

ಪತ್ರಿಕೆ ಹಳ್ಳಿ ತಲುಪಿದ ಮೇಲೆ ಮುಕಾಶ್ ಫೋನ್ ಮಾಡಿದ. ಬೋರಿಬಾಯ್‌ನ ಮಗ. ಹುಟ್ಟಿದಾಗಲೇ ತಾಯಿ ಸತ್ತಿದ್ದಳು. ತಂದೆ ಜರ್ಮನರ ಮೇಲಿನ ಯುದ್ಧಕ್ಕೆ ಹೋದವನು ಬರಲಿಲ್ಲ. ಅವನನ್ನು ಸಾಕಿದವಳು ಚಿಕ್ಕಮ್ಮ ಉಮ್ಸಿನ್, ಎದೆಹಾಲು ಕೊಟ್ಟವಳೂ ಅವಳೇ. ಲಾರಿ ಓಡಿಸಿ ನಿವೃತ್ತನಾಗಿ, ಹೆಂಡತಿ ತೀರಿಕೊಂಡ ಮೇಲೆ ಅಪಾಳ ಜೊತೆಯಲ್ಲೇ ಇದ್ದ. ಧ್ವನಿಮುದ್ರಣಕ್ಕೆ ಅವಳನ್ನು ಒಪ್ಪಿಸಿದವನೂ ಅವನೇ.

"ಎಡಿಟರಮ್ಮ, ನೀವೇನು ಬರೆದ್ರೋ ಏನೋ, ನಮ್ಮಪಾ ಮುಖ ಊದಿಸ್ಕೊಂಡು ಕೂತಿದ್ದಾಳೆ. ನಾನು ಓದಿ ಹೇಳಿದಾಗಿಂದ ಚಹಾನೂ ಮುಟ್ಟಿಲ್ಲ. ಬಂದು ಸಮಾಧಾನ ಮಾಡಿ. ನನ್ ಕೈಲಾಗಲ್ಲ."

ಪುಸ್ತಕದ ಕರಡು ತೆಗೆದುಕೊಂಡು ಬಸ್ಸು ಹತ್ತಿದೆ.

ಅಪಾ ಕಿಟಕಿಯ ಪಕ್ಕ ದಿಂಬಿಗೊರಗಿ ಕೂತಿದ್ದಳು. ಬಿಳಿ ತಲೆವಸ್ತ್ರ ಗಲ್ಲದವರೆಗೆ ಬಿಗಿದಿತ್ತು. ಮುಕಾಶ್ ತಗ್ಗು ಮೇಜಿನ ಮೇಲೆ ಕರಿದ ಹಿಟ್ಟಿನುಂಡೆ ಬಾವ್ರ್‌ಸಾಕ್, ಬೆಣ್ಣೆ ಇಟ್ಟು, ಚಹಾಕ್ಕೆ ಹಾಲು ಬೆರೆಸಿದ.

"ನೋಡಿ, ಗಂಡಸು ಚಹಾ ಬಗ್ಗಿಸೋ ಮನೆ ಇದು," ಎಂದ. "ನಾಳೆ ಇದನ್ನೂ ಪೇಪರಲ್ಲಿ ಹಾಕ್ಬಿಡ್ಬೇಡಿ."

"ತಪ್ಪಾಗಿದ್ರೆ ಹೇಳಿ ಅಪಾ," ಎಂದೆ ನಾನು.

"ನಾನು ಆ ಮಾತು ಆಡಿಲ್ಲ."

"ಯಾವ ಮಾತು?"

"ಆ ಮಾತು. ನನ್ನ ಫೋಟೋ ಹಾಕಿ, ನನ್ನ ಬಾಯಿಂದ ಆ ಮಾತು ಆಡ್ಸಿದ್ದೀಯ. ಬೀದಿಲಿ ಹೋಗೋ ಹೆಂಗಸ್ರೆಲ್ಲ ಕೇಳ್ತಿದಾರೆ, ಏನ್ ಉಮ್ಸಿನ್, ಮುದುಕಿಯಾದ ಮೇಲೆ ನಾಲಿಗೆ ಸಡಿಲ ಆಯ್ತಾ ಅಂತ."

ಮುಕಾಶ್ ನಕ್ಕ. "ಅಪಾ, ನಮ್ಮಪ್ಪ ಯುದ್ಧಕ್ಕೆ ಹೋಗಿ ಐವತ್ತು ವರ್ಷ ಆಯ್ತು. ಹೆಸರು ಊರ ಹುತಾತ್ಮರ ಕಲ್ಲಿನ ಮೇಲೆ ಕೆತ್ತಿದಾರೆ. ಮೇಕೆಗಳು ಬಂದು ಅದಕ್ಕೆ ಮೈ ಉಜ್ತವೆ. ನೀನು ತೋಳ ಅಂದ್ರೆ ಏನಾಗುತ್ತೆ? ಎದ್ದು ಬರ್ತಾನಾ?"

"ನೀನು ಅನ್ನಪ್ಪ. ನಿಂಗೇನು, ನೀನು ಮಗ."

"ಸರಿ, ಆ ತೋಳಾನೂ ಸತ್ತು ಅರವತ್ತು ವರ್ಷ ಆಯ್ತಲ್ಲ." ಅವನು ನನ್ನ ಕಡೆ ತಿರುಗಿದ. "ಇದನ್ನ ನೀವು ಬರ್ದೇ ಇಲ್ಲ ಎಡಿಟರಮ್ಮ. ಚಿಕ್ಕಪ್ಪ ಗಣಿ ಕೆಲಸದಿಂದ ಬಂದು, ಮಗಳು ಹೋದ ಸುದ್ದಿ ಕೇಳಿ, ಆ ವಸಂತ ಪೂರ್ತಿ ತೋಳ ಹುಡುಕ್ದ. ನಮ್ಮಪ್ಪನೂ ಬಂದೂಕು ಹಿಡ್ಕೊಂಡು ಜೊತೇಲೇ ಹೋದ. ಕೊನೆಗೆ ಒಂದನ್ನ ಹೊಡ್ದು ತಂದ್ರು. ಅದರ ಚರ್ಮದ ಮೇಲೆ ನಾನು ಮಲಗ್ತಿದ್ದೆ, ಅಲ್ವಾ ಅಪಾ?"

"ಮಲಗ್ತಿದ್ದೆ," ಎಂದಳು ಅಪಾ.

ನಾನು ಪೆನ್ಸಿಲ್ ತೆಗೆದು ತೋಳ ಎಂಬುದನ್ನು ಹೊಡೆದುಹಾಕಿ ಊಳುಬಾಯಿ ಎಂದು ಬರೆದೆ. "ನೀವು ಆಡಿದ ಪದಾನೇ ಹಾಕ್ತೀನಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಊಳುಬಾಯಿ ಅಂದ್ರೆ ತೋಳ ಅಂತ ಒಂದು ಟಿಪ್ಪಣಿ ಇರುತ್ತೆ."

"ಟಿಪ್ಪಣಿ ಬೇಡ."

"ಓದೋರಿಗೆ ಗೊತ್ತಾಗ್ಬೇಕಲ್ಲ ಅಪಾ. ಪೇಟೆಯವರಿಗೆ ಈ ಪದ ತಿಳಿಯಲ್ಲ."

"ಬೇಡ ಅಂದ್ನಲ್ಲ."

ಹೊರಗೆ ಹಸು ಕೂಗಿತು. ಬೇಲಿಯ ಸಂದಿಗೆ ತಲೆ ಹಾಕಿರಬೇಕು ಎಂದುಕೊಂಡು ಮುಕಾಶ್ ಎದ್ದು ಹೋದ. ಅವನ ಹೆಜ್ಜೆ ಅಂಗಳ ದಾಟುವವರೆಗೂ ಅಪಾ ಕಿವಿಗೊಟ್ಟು ಕೂತಿದ್ದಳು.

"ನಾನು ಇನ್ನೊಂದು ಮಾತು ಹೇಳಿದ್ದೆ. ಅದು ಯಾಕೆ ಬಂದಿಲ್ಲ?"

"ಯಾವುದು?"

"ಹೋಗುವಾಗ ಬಾಗಿಲು ಮುಚ್ಚಿದ್ದು."

ನನಗೆ ನೆನಪಾಯಿತು. ಅವಳು ಹಾಗೆ ಹೇಳಿದ್ದಳು. ಮಾತು ತಪ್ಪಿರಬೇಕು, ಯಾರೋ ಎದ್ದು ಬಾಗಿಲು ಮುಚ್ಚಿರಬೇಕು ಎಂದುಕೊಂಡು ಆ ವಾಕ್ಯವನ್ನು ಕೈಬಿಟ್ಟಿದ್ದೆ. ನಮ್ಮ ಭಾಷೆಯಲ್ಲಿ ಹೋದ, ಹೋಯಿತು ಎರಡಕ್ಕೂ ಒಂದೇ ಪದ. ಮನುಷ್ಯನೋ ಪ್ರಾಣಿಯೋ ಎಂಬುದು ಮಾತಿನಿಂದ ತಿಳಿಯುವುದಿಲ್ಲ.

"ಅಪಾ," ಎಂದೆ. "ಊಳುಬಾಯಿ ಅಂದ್ರೆ ಯಾರು?"



"ಎರಡು ಕೂಸುಗಳು. ನನ್ನದು ಐದು ತಿಂಗಳು, ಭಾವನದ್ದೂ ಹೆಚ್ಚೂಕಡಿಮೆ ಅಷ್ಟೇ. ತಾಯಿ ಇಲ್ಲದ ಕೂಸು ಅಂತ ಅವನನ್ನೂ ನನ್ನ ಮಡಿಲಿಗೆ ಹಾಕಿದ್ರು. ತಿನ್ನೋಕೆ ಏನಿತ್ತು? ಚರ್ಮ ಬೇಯಿಸಿದ ನೀರು. ಹಾಲು ಒಬ್ಬರಿಗೇ ಸಾಲ್ತಿರಲಿಲ್ಲ. ಭಾವ ದಿನಾ ಕೂತು ನೋಡೋರು, ಯಾವ ಕೂಸು ಎಷ್ಟು ಹೊತ್ತು ಕುಡೀತು ಅಂತ. ಒಂದು ಬೆಳಗಿನ ಜಾವ ನಾನು ಇವನಿಗೆ ಕುಡಿಸ್ತಾ ಇದ್ದೆ. ಅವರು ಎದ್ದರು, ನೀಲಿ ಅಸ್ತರಿನ ಹೊದಿಕೆಯಲ್ಲಿ ಅವಳನ್ನ ಸುತ್ತಿದ್ರು, ಎತ್ಕೊಂಡ್ರು. ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಹೊರಗೆ ಅಷ್ಟು ಚಳಿ. ಒಳಗೆ ಗಾಳಿ ನುಗ್ಗಬಾರದು ಅಂತ ಬಾಗಿಲು ಮೆಲ್ಲಗೆ ಮುಚ್ಕೊಂಡು ಹೋದರು."

"ಎಲ್ಲಿಗೆ?"

"ಅಯಾಗೋಝ್ ರೈಲು ನಿಲ್ದಾಣದಲ್ಲಿ ಅನಾಥ ಮಕ್ಕಳ ಮನೆ ಇತ್ತಂತೆ. ಅಲ್ಲಿ ಬಿಟ್ಟೆ ಅಂದ್ರು. ಹೆಸರು ಹೇಳಿದ್ರಾ ಅಂತ ಕೇಳಿದೆ. ಇಲ್ಲ ಅಂದ್ರು. ಯುದ್ಧ ಮುಗಿದ ಮೇಲೆ ನಾನೇ ಹೋಗಿ ನೋಡ್ದೆ. ಆ ಕಟ್ಟಡದಲ್ಲಿ ಉಗ್ರಾಣ ಮಾಡಿದ್ರು."

"ನಿಮ್ಮ ಯಜಮಾನರಿಗೆ?"

"ನಮ್ಮನೆಯವರು ಬಂದು ಮಗಳೆಲ್ಲಿ ಅಂದ್ರು. ಭಾವನ ಹೆಸರು ಹೇಳೋ ಹಾಗಿಲ್ಲ, ಊಳುಬಾಯಿ ಪಾಲಾದಳು ಅಂದೆ. ಅವರು ಪ್ರಾಣಿ ಅಂದ್ಕೊಂಡ್ರು. ಭಾವ ಒಲೆ ಹತ್ತಿರ ಕೂತಿದ್ರು, ಕತ್ತೆತ್ತಲಿಲ್ಲ. ಇದ್ದದ್ದು ಅವರಿಬ್ಬರೇ ಅಣ್ಣತಮ್ಮ. ಗೊತ್ತಾಗಿದ್ರೆ ಒಬ್ಬರು ಇನ್ನೊಬ್ಬರನ್ನ ಕೊಲ್ತಿದ್ರು. ಆಮೇಲೆ ಈ ಕೂಸನ್ನ ಯಾರು ನೋಡ್ಕೋತಿದ್ರು?"

ಹೊರಗೆ ಮುಕಾಶ್ ಹಸುವನ್ನು ಬಯ್ಯುತ್ತಿದ್ದ.

"ಮುಕಾಶ್‌ಗೆ ಗೊತ್ತಿಲ್ವಾ?"

"ಹೇಗೆ ಗೊತ್ತಿರುತ್ತೆ? ಉಮ್ಸಿನ್ ಹಾಲು ಕುಡಿದು ಬೆಳೆದೋನು ನಾನು, ನನ್ನ ಯಾರೂ ಬಗ್ಗಿಸೋಕಾಗಲ್ಲ ಅಂತ ಮದುವೆ ಮನೆಗಳಲ್ಲಿ ಹೇಳ್ಕೊಂಡು ತಿರುಗ್ತಾನೆ."

"ಹಾಗಾದ್ರೆ ತೋಳ ಅಂತಲೇ ಇರಲಿ ಅಪಾ. ಬೇಕಾದ್ರೆ ಆ ಭಾಗಾನೇ ತೆಗೆದುಬಿಡ್ತೀನಿ."

ಹಾಗೆ ಅಂದವಳು ನಾನು. ಹದಿನೈದು ನಿಮಿಷದ ಹಿಂದೆ ಓದುಗರಿಗೆ ತಿಳಿಯಬೇಕು ಎಂದವಳೂ ನಾನೇ.

ಅಪಾ ಅಡ್ಡಡ್ಡ ತಲೆಯಾಡಿಸಿದಳು. "ನನ್ನ ಮಾತಲ್ಲಿ ಎರಡೂ ಇತ್ತು ಮಗಳೇ. ಊಳುಬಾಯಿ ಅಂದಾಗೆಲ್ಲ ಅವಳು ಎಲ್ಲೋ ಇದ್ದಾಳೆ ಅಂತ ನನ್ನೊಳಗೆ ಇರ್ತಿತ್ತು. ನೀನು ಅಚ್ಚಲ್ಲಿ ಒಂದೇ ಮಾಡ್ಬಿಟ್ಟೆ. ಮುಕಾಶ್ ಅದನ್ನ ಗಟ್ಟಿಯಾಗಿ ಓದ್ದಾಗ ಅವಳು ಸತ್ತಳು. ಅರವತ್ತು ವರ್ಷದಲ್ಲಿ ಮೊದಲ ಸಲ ಸತ್ತಳು. ಪುಸ್ತಕ ನನಗಿಂತ ಹೆಚ್ಚು ದಿನ ಇರುತ್ತೆ ಅಂತೀಯ. ಅದರಲ್ಲಿ ಅವಳು ಪ್ರಾಣಿಯ ಹೊಟ್ಟೇಲಿ ಇರೋದು ಬೇಡ."

"ಬಾಗಿಲಿನ ಮಾತು ಹಾಕಿದ್ರೆ ಮುಕಾಶ್‌ಗೆ ಗೊತ್ತಾಗುತ್ತೆ."

"ಗೊತ್ತು. ನನಗೆ ಓದಿ ಹೇಳೋನು ಅವನೇ ತಾನೆ."

"ಅವನು ನಿಮ್ಮನ್ನ ಬಿಟ್ಟು ಹೋದ್ರೆ?"

ಅಪಾ ತಣ್ಣಗಾದ ಬಟ್ಟಲನ್ನು ನನ್ನ ಕಡೆ ಸರಿಸಿದಳು. "ಚಹಾ ಬಿಸಿ ಮಾಡು," ಎಂದಳು.

ಪಟ್ಟಣಕ್ಕೆ ಮರಳಿ ಝುನಿಸ್ ಆಗಾಗೆ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮ ಕೈಲಿರೋ ಪುಸ್ತಕಗಳಲ್ಲಿ ಇದೊಂದೇ ನಿಜವಾದದ್ದು," ಎಂದರು. "ಅಂಥದ್ದು ಸಿಗಲಿ ಅಂತ ಕಾಯ್ತಾ ಇದ್ದೆ. ಈಗ ಸಿಕ್ಕಿರೋದು ನೋಡಿದ್ರೆ ಅಚ್ಚಿಗೆ ಕೊಡೋಕೇ ಹೆದರಿಕೆ. ಆ ಮುದುಕಿಗೆ ಇರೋನು ಅವನೊಬ್ಬನೇ ಅಲ್ವಾ?"

"ಒಬ್ಬನೇ."

"ಟಿಪ್ಪಣಿ ಇಲ್ಲದೆ ಅಚ್ಚು ಹಾಕು. ಊಳುಬಾಯಿ, ಹೊದಿಕೆ, ಬಾಗಿಲು ಎಲ್ಲಾ ಅವಳು ಹೇಳಿದ ಹಾಗೇ ಇರಲಿ. ಮೊದಲು ಅವಳ ಎದುರಿಗೆ ಓದಿಸು. ಆಮೇಲೂ ಬೇಕು ಅಂದ್ರೆ ಮಾತ್ರ ಮುದ್ರಣ."

ಮುಂದಿನ ವಾರ ತಿದ್ದಿದ ಕರಡಿನೊಂದಿಗೆ ಹೋದೆ. ಬಿಸಿಲಿನ ಮಧ್ಯಾಹ್ನ. ಮುಕಾಶ್ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ರೇಡಿಯೋ ವಾರ್ತೆಯವರ ದನಿ ಅನುಕರಿಸುತ್ತ ಓದತೊಡಗಿದ. ಅಪಾ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡಿದ್ದಳು. ದನ ಕಿತ್ತುಕೊಂಡವರ ಭಾಗ ಬಂದಾಗ ಅವನು ಎರಡು ಕಡೆ ನಿಲ್ಲಿಸಿ ಬೈದ. ಚರ್ಮ ಬೇಯಿಸಿದ್ದು ಬಂದಾಗ ದನಿ ತಗ್ಗಿತು. ಆಮೇಲೆ ಆ ಸಾಲು ಬಂತು.

"ಊಳುಬಾಯಿ ನನ್ನ ಮಗಳನ್ನು ಎತ್ತಿಕೊಂಡು ಹೋದದ್ದು ಬೆಳಗಿನ ಜಾವ. ನೀಲಿ ಅಸ್ತರಿನ ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡದ್ದು. ಹೋಗುವಾಗ ಬಾಗಿಲು ಮುಚ್ಚಿಕೊಂಡೇ ಹೋದದ್ದು."

ಅವನು ನಕ್ಕುಬಿಟ್ಟ. "ಎಡಿಟರಮ್ಮ! ಒಂದು ತಪ್ಪು ತಿದ್ದೋಕೆ ಹೋಗಿ ಎರಡು ಮಾಡಿದ್ದೀರಲ್ರೀ. ತೋಳ ಎಲ್ಲಾದ್ರೂ ಹೊದಿಕೆ ಹೊದಿಸುತ್ತಾ? ಬಾಗಿಲು ಮುಚ್ಚುತ್ತಾ? ಅದೇನು ನಿಮ್ಮ ಪೇಟೆ ತೋಳಾನಾ?"

ಅವನು ಅಪಾಳ ಕಡೆ ನೋಡಿದ. ಅವಳು ನಗಲಿಲ್ಲ. ಅವನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದುಕೊಂಡಿತು. ತೆಗೆಯುವುದು ಮರೆತಂತಿತ್ತು. ಆಮೇಲೆ ಅದೇ ಮೂರು ವಾಕ್ಯಗಳನ್ನು ಮತ್ತೆ ಓದಿದ. ಈ ಸಲ ಮನಸ್ಸಿನಲ್ಲೇ.

"ಆಗ ಮನೇಲಿ ಯಾರ್ ಯಾರಿದ್ರು?"

"ನಾನು," ಎಂದಳು ಅಪಾ. "ಮಕ್ಕಳು. ನಿಮ್ಮಪ್ಪ."

"ನಾನೆಲ್ಲಿದ್ದೆ?"

"ನನ್ನ ಮಡಿಲಲ್ಲಿ."

"ಏನ್ ಮಾಡ್ತಿದ್ದೆ?"

"ಹಾಲು ಕುಡೀತಿದ್ದೆ ಕಂದ."

ಮುಕಾಶ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಕರಡನ್ನು ಅಂಚು ಸರಿಮಾಡಿ ಅದರ ಪಕ್ಕದಲ್ಲಿಟ್ಟ. ಎದ್ದು ಹೊರಗೆ ಹೋದ. ಕಿಟಕಿಯಿಂದ ನೋಡಿದೆ. ಅವನು ಬೇಲಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದ. ಅಪಾಳಿಗೆ ಅಷ್ಟು ದೂರ ಕಾಣುವುದಿಲ್ಲ.

"ಇದ್ದಾನಾ?" ಎಂದು ಕೇಳಿದಳು.

"ಇದ್ದಾನೆ."

ಸ್ವಲ್ಪ ಹೊತ್ತಿಗೆ ಮತ್ತೆ, "ಇದ್ದಾನಾ?"

ಮೂರನೆಯ ಸಲ ಕೇಳುವಷ್ಟರಲ್ಲಿ ಅವನು ಒಳಗೆ ಬಂದ. ಕೂರಲಿಲ್ಲ.

"ಎಲ್ಲಿಗೆ ಒಯ್ದ?"

ಅಪಾ ಹೇಳಿದಳು. ನಿಲ್ದಾಣ, ಮಕ್ಕಳ ಮನೆ, ಹೇಳದೆ ಬಿಟ್ಟ ಹೆಸರು, ಉಗ್ರಾಣವಾದ ಕಟ್ಟಡ.

"ಅವಳ ಹೆಸರೇನು? ಇಷ್ಟು ವರ್ಷ ನೀನು ಹೇಳೇ ಇಲ್ಲ."

"ನುರಿಲಾ."

"ಚಿಕ್ಕಪ್ಪ ತೋಳ ಹುಡುಕ್ತಾ ಅಲೀತಿದ್ರೆ ನಮ್ಮಪ್ಪ ಅವನ ಜೊತೆ ಬಂದೂಕು ಹಿಡ್ಕೊಂಡು ಹೋದ. ನೀನು ಅವರಿಬ್ಬರಿಗೂ ಬುತ್ತಿ ಕಟ್ಟಿಕೊಟ್ಟೆ."

"ಕಟ್ಟಿಕೊಟ್ಟೆ."

ಮುಕಾಶ್ ನನ್ನ ಕಡೆ ತಿರುಗಿದ. ದನಿ ಒಣಗಿತ್ತು. "ಇದು ಹೀಗೇ ಇದ್ರೆ ಯಾರಿಗೂ ತಿಳಿಯಲ್ಲ. ಎಲ್ಲರೂ ನನ್ನ ಹಾಗೇ ನಗ್ತಾರೆ. ಅವಳು ಬದುಕಿದ್ರೆ ಅವಳಿಗೂ ಈಗ ಅರವತ್ತು. ಅವಳ ಕೈಗೆ ಈ ಪುಸ್ತಕ ಸಿಕ್ಕಿದ್ರೂ ಗೊತ್ತಾಗಲ್ಲ. ನಿಮ್ಮ ಟಿಪ್ಪಣಿ ಹಾಕಿ. ಬರ್ಕೊಳ್ಳಿ. ಊಳುಬಾಯಿ ಅಂದ್ರೆ ಬೋರಿಬಾಯ್."

ಅಪಾ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು. "ಹೆಸರು ಬೇಡ ಮುಕಾಶ್. ಆ ಕಲ್ಲಿನ ಮೇಲಿರೋ ಹೆಸರು."

"ಕಲ್ಲಿನ ಮೇಲೂ ಇರಲಿ, ಇಲ್ಲೂ ಇರಲಿ. ನೀನು ಆಡಬೇಡ. ನಾನು ಆಡ್ತೀನಿ. ನಾನು ಮಗ, ನನಗೇನು ಅಂತ ನೀನೇ ಅಂದೆಯಲ್ಲ."

"ಜನ ನಿನ್ನ ಆಡ್ಕೋತಾರೆ."

"ಆಡ್ಕೊಳ್ಳಲಿ. ಆಡ್ಕೊಳ್ಳೋಕೆ ನಾನಾದ್ರೂ ಬದುಕಿದೀನಿ."

ಅವನು ಹೇಳುತ್ತ ಹೋದ, ನಾನು ಬರೆದುಕೊಂಡೆ. ೧೯೩೨ರ ಚಳಿಗಾಲ. ಐದು ತಿಂಗಳ ಹೆಣ್ಣುಕೂಸು, ನುರಿಲಾ. ನೀಲಿ ಅಸ್ತರಿನ ಹೊದಿಕೆ. ಅಯಾಗೋಝ್ ನಿಲ್ದಾಣದ ಮಕ್ಕಳ ಮನೆಯಲ್ಲಿ ಬಿಟ್ಟದ್ದಾಗಿ ಬೋರಿಬಾಯ್ ಹೇಳಿದ್ದು. ಹೇಳಿದ್ದು ಎಂಬ ಪದವನ್ನು ಅವನೇ ಸೇರಿಸಿದ. ಬಿಟ್ಟದ್ದನ್ನು ಕಂಡವರು ಯಾರೂ ಇಲ್ಲ ಎಂದ. ನಾನು ಪತ್ರಿಕೆಯಲ್ಲಿ ಕಲಿತದ್ದನ್ನು ಆ ಮನುಷ್ಯ ನಿಂತಲ್ಲೇ ಮಾಡುತ್ತಿದ್ದ. ಕೊನೆಗೆ, ಮಾಹಿತಿ ಕೊಟ್ಟವರು ಮುಕಾಶ್, ಬೋರಿಬಾಯ್‌ನ ಮಗ ಎಂದು ಬರೆದೆ. ನಮ್ಮ ನಿಯಮದಂತೆ ಒಂದು ಪದ ಉಳಿದಿತ್ತು.

"ಕಥೆ ಹೇಳಿದವರು ನಿಮಗೆ ಏನಾಗಬೇಕು ಅಂತ ಬರೀಬೇಕು," ಎಂದೆ.

ಅದನ್ನು ಕೇಳಬಾರದಿತ್ತೇನೋ. ಮೊದಲ ಭೇಟಿಯಲ್ಲಿ ಇದೇ ಪ್ರಶ್ನೆ ಕೇಳಿದ್ದಾಗ, ಇದೆಂಥ ಪ್ರಶ್ನೆ, ನಮ್ಮಮ್ಮ ಎಂದು ನನ್ನ ಮೇಲೇ ರೇಗಿದ್ದ. ಈಗ ಅವನು ಮೇಜಿನ ಮೇಲಿದ್ದ ಹಾಲಿನ ಪಾತ್ರೆಯನ್ನೇ ನೋಡುತ್ತ ನಿಂತ. ಅಪಾ ಅವನ ದನಿ ಬರುವ ಕಡೆಗೆ ಮುಖ ಮಾಡಿ ಕೂತಿದ್ದಳು.

"ಹಾಲು ಕೊಟ್ಟವಳು," ಎಂದ ಮುಕಾಶ್. "ಹಾಗಂತ ಬರೀರಿ."

"ಅಷ್ಟೇನಾ?"

"ನಿಜ ಅಷ್ಟೇ ಅಲ್ವಾ? ಬೇರೆ ಏನು ಬರೆದ್ರೂ ನುರಿಲಾ ಜಾಗ ನಾನು ಕಿತ್ಕೊಂಡ ಹಾಗಾಗುತ್ತೆ. ಒಂದ್ಸಲ ಕಿತ್ಕೊಂಡಿದ್ದು ಸಾಕು."

ಪುಸ್ತಕ ಶರತ್ಕಾಲದಲ್ಲಿ ಬಂತು. ಸರತಿಯೇನೂ ದೊಡ್ಡದಿರಲಿಲ್ಲ. ಆ ಹೊತ್ತಿಗೆ ಜನಕ್ಕೆ ನೆನಪುಗಳು ಸಾಕಾಗಿದ್ದವು. ಅಯಾಗೋಝ್ ಕಡೆಗೆ ಪ್ರತಿಗಳನ್ನು ಕಳಿಸಿದೆವು. ಅಲ್ಲಿಂದ ಈವರೆಗೆ ಯಾರೂ ಬರೆದಿಲ್ಲ.

ಅಪಾಳ ಪ್ರತಿಯನ್ನು ನಾನೇ ಒಯ್ದೆ. ಮುಕಾಶ್ ಅಲ್ಲೇ ಇದ್ದ. ಸೌದೆ ಒಡೆದು ಜೋಡಿಸಿದ್ದ, ಹಸುವಿಗೆ ಹುಲ್ಲು ಹಾಕಿದ್ದ, ಚಹಾ ಬಗ್ಗಿಸಿದ. ಅಪಾ ಎಂದು ಕರೆಯುವುದನ್ನು ಬಿಟ್ಟಿರಲಿಲ್ಲ. ಆದರೆ ನಾನು ಪುಸ್ತಕ ಹೊರಗೆ ತೆಗೆದ ಕೂಡಲೇ ಕನ್ನಡಕ ಒಡೆದುಹೋಗಿದೆ ಎಂದು ಹೇಳಿ ಅಂಗಳಕ್ಕೆ ನಡೆದ. ಕನ್ನಡಕ ಕಿಟಕಿಯ ಅಡ್ಡಪಟ್ಟಿಯ ಮೇಲೆ ಸರಿಯಾಗೇ ಇತ್ತು.

"ನೀನೇ ಓದು ಮಗಳೇ. ಕೆಳಗಿನದ್ದು ಮಾತ್ರ," ಎಂದಳು ಅಪಾ.

ಓದಿದೆ. ಭಾವನ ಹೆಸರು ಬಂದಾಗ ನಾನು ದನಿ ಇಳಿಸಿದೆ, ಅವಳು ಮುಖ ತಿರುಗಿಸಿದಳು. ಹಾಲು ಕೊಟ್ಟವಳು ಎಂಬ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದಳು. ಸಣ್ಣ ಅಕ್ಷರದ ಆ ಜಾಗ ಎಲ್ಲಿದೆ ಎಂದು ಕೇಳಿ, ನನ್ನ ಬೆರಳು ಹಿಡಿದು ಹಾಳೆಯ ಮೇಲೆ ಮುಟ್ಟಿ ನೋಡಿದಳು.

"ತಾಯಿ ಅಂತ ಹಾಕೋಕೆ ಜಾಗ ಸಾಲಲಿಲ್ವಾ?"

"ಜಾಗ ಇತ್ತು ಅಪಾ," ಎಂದೆ.

"ಅವನಿಗೆ ಹೇಳ್ಬೇಡ, ನಾನು ಕೇಳಿದೆ ಅಂತ."